ನೋಯದ ಹುಣ್ಣು

ಮರ್ಫಿ ಟೌನಿನ ಆ ವಠಾರದಲ್ಲಿ ಸಾಲಾಗಿ ಬಾಡಿಗೆ ಕೋಣೆಗಳು, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಕಾವೇರಿ ಕೊಡ ಹಿಡಿದು ಬಂದರೆ ನಲ್ಲಿಯ ಹತ್ತಿರದ ಮಾತು ನಿಲ್ಲುತ್ತಿತ್ತು. ಅವಳು ಕೊಡ ಎತ್ತಿಕೊಂಡು ಹೋದಳೋ, ಮತ್ತೆ ಶುರು.

"ಪಾಪ, ಅವಳ ಹೊಟ್ಟೇಲಿ ಮಗು ನಿಲ್ಲಲ್ವಂತೆ."

"ಏನ್ ದೋಷಾನೋ ಏನೋ. ಬೆಳಿಗ್ಗೆ ಬೆಳಿಗ್ಗೆ ಅವಳ ಮುಖ ನೋಡೋಕೆ ನಂಗ್ಯಾಕೋ ಆಗಲ್ಲ ಕಣೆ."

ಮಗು ನಿಂತಿರಲಿಲ್ಲ, ನಿಜ. ಮದುವೆಯಾದ ವರ್ಷವೇ ಮೊದಲನೆಯ ಬಸಿರು ನಾಲ್ಕು ತಿಂಗಳಿಗೆ ಇಳಿದುಹೋಗಿತ್ತು. ಎರಡನೆಯದು ತುಂಬು ದಿನಕ್ಕೆ ಹುಟ್ಟಿತು, ಆದರೆ ಅಳಲಿಲ್ಲ. ಸೂಲಗಿತ್ತಿ ಬೆನ್ನು ತಟ್ಟಿದಳು, ಕಾಲು ಹಿಡಿದು ತಟ್ಟಿದಳು. ಆದರೂ ಅಳಲಿಲ್ಲ. ಈಗ ಮೂರನೆಯದು, ಐದು ತಿಂಗಳು ನಡೆಯುತ್ತಿತ್ತು.

ಅತ್ತೆ ಜಟ್ಟೆಮ್ಮ ಶಹಾಪುರದ ಕಡೆಯವರು. ಮಗ ಲಕ್ಷ್ಮಿಕಾಂತ ಟೈಲ್ಸ್ ಹಾಕುವ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆ ಅವರೂ ಬಂದು, ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಕೆಟ್ಟ ಹೆಂಗಸಲ್ಲ. ಸೊಸೆಗೆ ಹುಳಿ ಬೇಕೆಂದರೆ ಕೆಲಸದ ಮನೆಯಿಂದ ಮಾವಿನಕಾಯಿ ಕೇಳಿ ತರುತ್ತಿದ್ದರು. ಆದರೆ ನಾಲಿಗೆ ಮಾತ್ರ ಅವರ ಮಾತನ್ನೂ ಕೇಳುತ್ತಿರಲಿಲ್ಲ.

"ಈ ಸಲನೂ ಹೋತಂದ್ರ ನಾ ನಮ್ಮಣ್ಣನ ಮಗಳನ್ನ ತಂದ್ಕೊತೀನಿ ನೋಡು. ಮನ್ಯಾಗ ಒಂದ್ ದೀಪ ಬೇಕಲ್ಲ," ಎಂದು ಸೊಸೆಯ ಎದುರಿಗೇ ಹೇಳಿದ್ದರು.

ಅಂದರೆ ಈ ಕೂಸು ಉಳಿದರೆ ಕಾವೇರಿಗೆ ಮನೆ ಉಂಟು, ಇಲ್ಲವಾದರೆ ಇಲ್ಲ. ಎರಡು ಕೂಸು ಹೋದವು ಎಂದು ಹೊರೆ ಹೊತ್ತವಳು ಕಾವೇರಿ, ಮಾತು ಕೇಳಿದವಳು ಕಾವೇರಿ, ಉಪವಾಸ ಮಾಡಿದವಳು, ಹರಕೆ ಹೊತ್ತವಳು, ತಾಯಿತ ಕಟ್ಟಿಸಿಕೊಂಡವಳು ಎಲ್ಲ ಕಾವೇರಿ. ಗಂಡನಿಗೆ ಏನಾದರೂ ಆಗಿದೆಯೇ ಎಂದು ಆ ವಠಾರದಲ್ಲಾಗಲಿ ಶಹಾಪುರದಲ್ಲಾಗಲಿ ಒಬ್ಬರಾದರೂ ಕೇಳಿದ್ದರೆ ಹೇಳಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಗಾದೆ ಹಳೆಯದು, ಬರೆ ಮಾತ್ರ ಇವತ್ತಿಗೂ ಬಿಸಿಯಾಗಿಯೇ ಇದೆ.

ಕೂಸುಗಳು ಯಾಕೆ ಹೋದವು ಎಂದು ಮೊದಲು ಕೇಳಿದವರು ಆಶಾ ಕಾರ್ಯಕರ್ತೆ ಪ್ರೇಮಕ್ಕ. ಒಂದು ಬೆಳಿಗ್ಗೆ ವಠಾರಕ್ಕೆ ಬಂದು ಕಾವೇರಿಯ ಪಕ್ಕ ಕೂತರು.

"ಹಿಂದಿನ ಎರಡು ಸಲ ರಕ್ತ ಪರೀಕ್ಷೆ ಮಾಡಿಸಿದ್ಯಾ ಕಾವೇರಿ?"

"ಮೊದಲ್ನೇದಕ್ಕ ದವಾಖಾನಿಗಿ ಹೋಗೂಕಿಂತ ಮೊದ್ಲೇ ಹೋತ್ರಿ ಅಕ್ಕಾ. ಎರಡನೇದಕ್ಕ ಇಲ್ಲಿ ಹೆಸರು ಬರ್ಸಿದ್ದೆ. ಆಮ್ಯಾಲ ಕುಬಸ ಮಾಡಿ ತವರಿಗಿ ಕಳಿಸಿದ್ರು."

ಕುಬಸ ಎಂದರೆ ಆ ಕಡೆಯ ಸೀಮಂತ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ತವರಿಗೆ ಕಳಿಸುತ್ತಾರೆ. ಒಳ್ಳೆಯ ಸಂಪ್ರದಾಯವೇ. ಆದರೆ ಆಗಿದ್ದೇನು? ರಕ್ತ ಪರೀಕ್ಷೆ ಊರಲ್ಲಿ ಆಗಿರುತ್ತದೆ ಎಂದು ಇಲ್ಲಿಯವರು ಅಂದುಕೊಂಡರು, ಬೆಂಗಳೂರಲ್ಲಿ ಆಗದೆ ಇರುತ್ತದೆಯೇ ಎಂದು ಅಲ್ಲಿಯವರು ಅಂದುಕೊಂಡರು. ಎರಡೂ ಕಡೆ ಆಗಲಿಲ್ಲ. ನಡುವೆ ಒಂದು ಕೂಸು ಹೋಯಿತು.

ಪ್ರೇಮಕ್ಕ ಅವತ್ತೇ ಕಾವೇರಿಯನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದರು. ಸ್ವಲ್ಪ ಹೊತ್ತಿನಲ್ಲೇ ಪರೀಕ್ಷೆಯ ಪಟ್ಟಿಯ ಮೇಲೆ ಬರಬಾರದ ಗೆರೆ ಬಂತು. ಸಿಫಿಲಿಸ್. ಅಜ್ಜಂದಿರ ಕಾಲದಲ್ಲಿ ಪರಂಗಿ ಹುಣ್ಣು ಎನ್ನುತ್ತಿದ್ದರಲ್ಲ, ಅದೇ. ಇದು ಬಸುರಿಯಲ್ಲಿದ್ದರೆ ಹೊಟ್ಟೆಯೊಳಗಿನ ಕೂಸಿಗೂ ಹೋಗಬಹುದು.

"ಕಂಟೋನ್ಮೆಂಟ್ ಕಡೆ ಸರ್ಕಾರಿ ಆಸ್ಪತ್ರೇಲಿ ಒಬ್ಬರು ಡಾಕ್ಟ್ರಿದಾರೆ. ಹೆದರ್ಬೇಡ ಬಾ," ಎಂದರು ಪ್ರೇಮಕ್ಕ.

ಆ ಡಾಕ್ಟರ ಹೆಸರು ಮೆಹರುನ್ನೀಸಾ. ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ. ತಂದೆ ಮಾರುಕಟ್ಟೆಯಲ್ಲಿ ಹಣ್ಣು ಮಾರುತ್ತಿದ್ದರು. ಮಗಳು ಡಾಕ್ಟರಾದಾಗ ಗಲ್ಲಿಗೆಲ್ಲ ಖರ್ಜೂರ ಹಂಚಿದ್ದರು. ಅದೇ ಮಗಳು ಮುಂದೆ ಓದಲು ಲೈಂಗಿಕ ರೋಗಗಳ ವಿಭಾಗವನ್ನೇ ಆರಿಸಿಕೊಂಡಳು ಎಂದು ತಿಳಿದ ದಿನ, ಹಂಚಿದ ಖರ್ಜೂರವನ್ನು ವಾಪಸ್ ಕೇಳುವವರಂತೆ ಮುಖ ಮಾಡಿಕೊಂಡು ಕೂತರು.

"ಕಣ್ಣಿದೆ, ಕಿವಿ ಇದೆ, ಮಕ್ಕಳ ವಿಭಾಗ ಇದೆ. ನಿಂಗೆ ಇದೇ ಸಿಗ್ತಾ ಬೇಟಾ?"

ತಾಯಿ ನೆಂಟರ ಮುಂದೆ "ಚರ್ಮದ ಡಾಕ್ಟ್ರು" ಎಂದು ಹೇಳಿ ಮಾತು ತೇಲಿಸುತ್ತಿದ್ದರು. ನೋಡಲು ಬಂದ ಗಂಡಿನ ಕಡೆಯವರು ಮಗಳ ಕೆಲಸ ಏನೆಂದು ಕೇಳಿ, ಚಹಾದ ಲೋಟ ಅರ್ಧಕ್ಕೇ ಇಟ್ಟು ಎದ್ದಿದ್ದುಂಟು. ಪಾಠ ಹೇಳುವ ಪ್ರೊಫೆಸರೊಬ್ಬರಂತೂ, "ಹೆಣ್ಣುಮಕ್ಕಳು ಇಲ್ಲಿ ಏನಮ್ಮಾ ಮಾಡ್ತೀರಿ, ಕಾಯಿಲೆಯವರೆಲ್ಲಾ ಗಂಡಸ್ರು," ಎಂದರು. ಸುಳ್ಳು. ಕಾಯಿಲೆಯವರಲ್ಲಿ ಹೆಂಗಸರೂ ಅಷ್ಟೇ ಇದ್ದರು. ಅವರು ಆ ಬಾಗಿಲಿಗೆ ಬರುತ್ತಿರಲಿಲ್ಲ, ಅಷ್ಟೆ. ಅವರು ಬರುತ್ತಿದ್ದುದು ಹೆರಿಗೆ ವಾರ್ಡಿಗೆ, ಅಲ್ಲಿಂದ ಖಾಲಿ ಕೈಯಲ್ಲಿ ಹೋಗುತ್ತಿದ್ದರು. ಮೆಹರುನ್ನೀಸಾ ಈ ದಾರಿ ಹಿಡಿದದ್ದೂ ಅದಕ್ಕೇ. ಕಲಿಯುತ್ತಿದ್ದಾಗ ಆ ವಾರ್ಡಿನಲ್ಲಿ, ಬಟ್ಟೆ ಸುತ್ತಿದ ಸತ್ತ ಕೂಸೊಂದನ್ನು ಅವರ ಕೈಗೇ ಕೊಟ್ಟಿದ್ದರು, ಹೊರಗೆ ಒಯ್ಯಿರಿ ಎಂದು. ಹಳೆಯ ಕಾಲದ ಅಗ್ಗದ ಪೆನಿಸಿಲಿನ್ ಸೂಜಿ ವೇಳೆಗೆ ಸರಿಯಾಗಿ ತಾಯಿಗೆ ಬಿದ್ದಿದ್ದರೆ ಅದು ಬಹುಶಃ ಬದುಕುತ್ತಿತ್ತು ಎಂದು ತಿಳಿದಾಗ ಅವರಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಇನ್ನೂ ಆರಿಲ್ಲ.

ಓದು ಮುಗಿಸಿ ಅವರು ಸಂಶೋಧನೆಗೆ ಇಳಿದರು. ಸಂಶೋಧನೆ ಎಂದರೆ ಎಲ್ಲೋ ತಂಪು ಕೋಣೆಯಲ್ಲಿ ಕೂತು ಮಾಡುವುದು ಎಂದುಕೊಳ್ಳಬೇಡಿ. ಈಕೆ ಹಲಸೂರು, ಬಾಣಸವಾಡಿ, ಕೆ.ಆರ್. ಪುರದ ಬೀದಿಗಳಲ್ಲಿ ಚಪ್ಪಲಿ ಸವೆಸಿದರು. ಬಸುರಿಯರ ರಕ್ತ ಪರೀಕ್ಷೆ ಮಾಡಿ, ಸೂಜಿ ಹಾಕಿಸಿ, ಹೆರಿಗೆಯವರೆಗೂ ಬೆನ್ನು ಬಿಡದೆ ನೋಡಿದರು. ಒಂದು ವಿಚಿತ್ರ ಕಂಡಿತು. ಸೂಜಿ ಹಾಕಿಸಿಕೊಂಡು ವಾಸಿಯಾದ ಕೆಲವರಿಗೆ ಮತ್ತೆ ಅದೇ ಕಾಯಿಲೆ ಬರುತ್ತಿತ್ತು. ಔಷಧಿಗೆ ಶಕ್ತಿ ಇಲ್ಲ ಎಂದರು ಜೊತೆಯವರು. ಈಕೆ ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಯಜಮಾನ್ರಿಗೂ ಸೂಜಿ ಹಾಕಿಸಿದ್ರಾ?"

ಮನೆಮನೆಯಲ್ಲೂ ಒಂದೇ ಉತ್ತರ. "ಅವರಿಗ್ಯಾಕೆ ಮೇಡಂ? ಬಸುರಿ ನಾನಲ್ವಾ?"

ಗಂಡನನ್ನು ಯಾರೂ ಕರೆದೇ ಇರಲಿಲ್ಲ. ಹೆಂಡತಿಗೆ ಔಷಧಿ ಕೊಟ್ಟು, ಕಾಯಿಲೆ ಇರುವ ಗಂಡನ ಪಕ್ಕಕ್ಕೇ ವಾಪಸ್ ಕಳಿಸುತ್ತಿದ್ದರು. ಸೋರುವ ಸೂರನ್ನು ಬಿಟ್ಟು ನೆಲ ಒರೆಸಿದ ಹಾಗೆ. ಈ ಮಾತನ್ನು ಡಾಕ್ಟರ್ ಮೆಹರುನ್ನೀಸಾ ದೊಡ್ಡ ಸಭೆಯಲ್ಲಿ ಎದ್ದು ಹೇಳಿದರು. ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಕರೆಸಿ, ಒಟ್ಟಿಗೆ ಔಷಧಿ ಕೊಡಿ ಎಂದರು. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಗಂಡಸರನ್ನ ಕರೆಸೋದು ಸೂಕ್ಷ್ಮ ವಿಷಯ ಮೇಡಂ," ಎಂದರು.

"ಹೆಂಗಸರ ಹೊಟ್ಟೆ ಸೂಕ್ಷ್ಮ ಅಲ್ವಾ ಸಾರ್?"

ಸಭೆ ಚಪ್ಪಾಳೆ ತಟ್ಟಿತು, ಊಟಕ್ಕೆ ಎದ್ದಿತು. ಹೇಳಿದ್ದು ಜಾರಿಗೆ ಬರಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಆಸ್ಪತ್ರೆಯವರು ಅವರ ಕೋಣೆಯನ್ನು ಶವಾಗಾರದ ಹಿಂದಕ್ಕೆ ಹಾಕಲು ಹೊರಟಿದ್ದರು, ಅಲ್ಲಾದರೆ ಯಾರ ಕಣ್ಣಿಗೂ ಬೀಳುವುದಿಲ್ಲವಂತೆ. ಅವರು ಜಗಳವಾಡಿದರು. ಅರ್ಜಿ ಕೊಟ್ಟರು, ಮೇಜು ಕುಟ್ಟಿದರು, ಕೊನೆಗೆ ಕೋಣೆಯನ್ನು ಬಸುರಿಯರ ಸಾಲಿನ ಪಕ್ಕಕ್ಕೇ ತಂದರು. ಈಗ ಆ ಸಾಲಿನಲ್ಲಿ ನಿಂತ ಹೆಂಗಸು ಯಾವ ಬಾಗಿಲಿಗೆ ಬಂದಿದ್ದಾಳೆ ಎಂದು ನೋಡುವವರಿಗೆ ತಿಳಿಯುವುದಿಲ್ಲ. ಹೊರದೇಶದ ಪತ್ರಿಕೆಗಳಲ್ಲಿ ಅವರ ಸಂಶೋಧನೆ ಅಚ್ಚಾಗಿದೆ. ಅವರಿಗೆ ಹೆಮ್ಮೆ ಮಾತ್ರ ಆ ಬಾಗಿಲಿನ ಬಗ್ಗೆಯೇ.

ಕಾವೇರಿ ಆ ಬಾಗಿಲಿನೊಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಡಾಕ್ಟರ್ ಬಾಗಿಲು ಹಾಕಿ, ಕಾಯಿಲೆಯ ಹೆಸರು ಹೇಳಿ, ಅದು ಹೇಗೆ ಬರುತ್ತದೆ ಎಂದು ನಿಧಾನವಾಗಿ ವಿವರಿಸಿದರು. ಗಂಡು ಹೆಣ್ಣು ಕೂಡುವಾಗ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಬಸುರಿಯಿಂದ ಕೂಸಿಗೆ ದಾಟುತ್ತದೆ, ಒಟ್ಟಿಗೆ ಉಂಡರೆ, ಒಂದೇ ಬಚ್ಚಲು ಬಳಸಿದರೆ ಬರುವುದಿಲ್ಲ ಎಂದರು.

ಕಾವೇರಿ ಬಹಳ ಹೊತ್ತು ಸೆರಗಿನ ಅಂಚು ಸುತ್ತಿದಳು. "ನಾ ಯಾರ ಕಡೀಗೂ ಹೋಗಿಲ್ರಿ ಮೇಡಂ. ನಾ ಏನ್ ತಪ್ಪ್ ಮಾಡೀನ್ರಿ?"

ಡಾಕ್ಟರ ಎದೆಯಲ್ಲಿ ಆ ಹಳೆಯ ಸಿಟ್ಟು ಭಗ್ಗೆಂದಿತು. ಈ ಪ್ರಶ್ನೆಯನ್ನು ಅವರು ಎಷ್ಟು ಹೆಣ್ಣುಮಕ್ಕಳ ಬಾಯಲ್ಲಿ ಕೇಳಿದ್ದಾರೋ. ತಪ್ಪು ಮಾಡಿದವರು ಯಾರೂ ಹೀಗೆ ಕೇಳಿಕೊಂಡು ಬಂದದ್ದಿಲ್ಲ.

"ಏನೂ ತಪ್ಪು ಮಾಡಿಲ್ಲ ಬೇಟಾ. ನಿಂಗೆ ಕಾಯಿಲೆ ಬಂದಿದೆ, ಅಷ್ಟೆ. ವಾಸಿ ಆಗೋ ಕಾಯಿಲೆ. ವಾರಕ್ಕೆ ಒಂದರಂತೆ ಮೂರು ಸೂಜಿ. ನಡುವೆ ತಪ್ಪಿಸ್ಬಾರ್ದು, ತಪ್ಪಿಸಿದ್ರೆ ಮತ್ತೆ ಮೊದಲಿಂದ ಹಾಕ್ಬೇಕು."

"ಕೂಸು ಉಳೀತದೇನ್ರಿ?"

"ಈಗಲೇ ಶುರು ಮಾಡಿದ್ರೆ ಉಳಿಯೋ ಅವಕಾಶ ತುಂಬಾ ಚೆನ್ನಾಗಿದೆ. ಆದ್ರೆ ನಿನ್ನ ಗಂಡನೂ ಬರ್ಬೇಕು."

ಕಾವೇರಿ ಬೆಚ್ಚಿದಳು. "ನಮ್ಮತ್ತಿಗಿ ಗೊತ್ತಾದ್ರ..."

"ನೀನು ಹೂಂ ಅನ್ನೋವರೆಗೂ ನನ್ನ ಬಾಯಿಂದ ಒಂದು ಮಾತು ಹೊರಗೆ ಹೋಗಲ್ಲ. ನಿಮ್ಮತ್ತೆಗೂ ಇಲ್ಲ, ದೇವರು ಬಂದು ಕೇಳಿದ್ರೂ ಇಲ್ಲ."

ಹಿಂದೆ ಯಾವ ಔಷಧಿಯಾದರೂ ಮೈಗೆ ಒಗ್ಗದೆ ಹೋಗಿತ್ತೇ ಎಂದು ಕೇಳಿ, ಪರೀಕ್ಷೆ ಮಾಡಿ, ನರ್ಸ್ ಸೊಂಟಕ್ಕೆ ಮೊದಲ ಸೂಜಿ ಹಾಕಿದರು. ಕಾವೇರಿ ಕುಂಟುತ್ತ ಹೊರಟಳು. ಆ ರಾತ್ರಿ ಗಂಡನಿಗೆ ಎಲ್ಲ ಹೇಳಿದಳು. ಅವನು ಗೋಡೆ ಕಡೆ ತಿರುಗಿ ಮಲಗಿದ.

ಮುಂದಿನ ವಾರ ಲಕ್ಷ್ಮಿಕಾಂತ ಹೆಂಡತಿಯ ಜೊತೆ ಬಂದ, ಆದರೆ ಆಸ್ಪತ್ರೆಯ ಗೇಟಿನವರೆಗೆ ಮಾತ್ರ. ಅಲ್ಲೇ ಚಹಾದಂಗಡಿಯ ಬೆಂಚಿನಲ್ಲಿ ಕೂತುಬಿಟ್ಟ. ಕಾವೇರಿಗೆ ಎರಡನೇ ಸೂಜಿಯಾದ ಮೇಲೆ ಡಾಕ್ಟರ್ ಮೆಹರುನ್ನೀಸಾ ಬಿಳಿ ಕೋಟು ಕುರ್ಚಿಗೆ ಹಾಕಿ, ತಾವೇ ಹೊರಗೆ ನಡೆದರು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಒಂದು ಚಹಾ ಹೇಳಿದರು.

"ಟೈಲ್ಸ್ ಕೆಲಸ ಅಂತೆ?"

"ಹೂಂರಿ."

"ನಮ್ಮನೆ ಬಚ್ಚಲಲ್ಲಿ ಟೈಲ್ಸ್ ಮೇಲೆ ಚೆನ್ನಾಗಿದೆ, ತಟ್ಟಿದ್ರೆ ಒಳಗೆ ಟೊಳ್ಳು ಸದ್ದು. ಏನ್ಮಾಡ್ಬೇಕು?"

"ತಗೀಬೇಕ್ರಿ. ಒಳಗ ನೀರ್ ಇಳೀತಾ ಇರ್ತದ. ಮ್ಯಾಲ ಕಾಣಂಗಿಲ್ಲ, ಗ್ವಾಡಿನೇ ಕೊಳೀತದ."

"ಸರಿಯಾಗಿ ಹೇಳ್ದೆ. ಚಹಾ ಮುಗಿಸಿ ಒಳಗೆ ಬಾ. ನಿಂಗೆ ಬೈಯೋದಿಲ್ಲ."

ಅವನು ಬಂದ. ಬಾಗಿಲು ಹಾಕಿದ ಮೇಲೂ ನೆಲವನ್ನೇ ನೋಡುತ್ತಿದ್ದ. "ನನಗೇನೂ ಇಲ್ರಿ ಮೇಡಂ. ಎಲ್ಲೂ ನೋವಿಲ್ಲ, ಏನಿಲ್ಲ."

"ಈಗಿಲ್ಲ. ಹಿಂದೆ ಯಾವತ್ತಾದ್ರೂ ಕೆಳಗೆ ಹುಣ್ಣಾಗಿತ್ತಾ? ನೋವಿಲ್ಲದ ಹುಣ್ಣು?"

ಅವನು ತಲೆ ಎತ್ತಿದ. ನೋಯದ ಹುಣ್ಣಿನ ಸುದ್ದಿ ಇವರಿಗೆ ಹೇಗೆ ತಿಳಿಯಿತು ಎಂಬ ಬೆರಗು ಅವನ ಮುಖದಲ್ಲಿ. ಮೆಲ್ಲಗೆ ಒಂದೊಂದೇ ಮಾತು ಹೊರಬಂತು. ಮದುವೆಗೆ ಮುಂಚೆ, ಬೆಂಗಳೂರಿಗೆ ಬಂದ ಹೊಸದರಲ್ಲಿ ಆಗಿತ್ತು. ನೋಯುತ್ತಿರಲಿಲ್ಲ, ಆದರೂ ಹೆದರಿಕೆ. ಆಸ್ಪತ್ರೆಗೆ ಹೋಗಲು ನಾಚಿಕೆ. ಮೇಲ್ಸೇತುವೆಯ ಕಂಬಕ್ಕೆ ಅಂಟಿಸಿದ್ದ ಕಾಗದ ನೋಡಿ ಒಂದು ಲಾಡ್ಜಿಗೆ ಹೋದ. ಗುಪ್ತರೋಗ, ಗ್ಯಾರಂಟಿ ಚಿಕಿತ್ಸೆ ಎಂದಿತ್ತು. ಅಲ್ಲಿ ಒಬ್ಬ ಹಳದಿ ಮುಲಾಮು, ಕರಿ ಗುಳಿಗೆ ಕೊಟ್ಟ.

"ಖರೇನೇ ವಾಸಿ ಆತ್ರಿ. ಪೂರಾ ಒಣಗಿ ಹೋತು. ಆಮ್ಯಾಲ ಅಂಗೈಯಾಗ ಕೆಂಪ್ ಕೆಂಪ್ ಮಚ್ಚಿ ಎದ್ದಿದ್ವು, ಸಿಮೆಂಟಿನ ಅಲರ್ಜಿ ಅಂದ್ಕೊಂಡೆ. ಅವೂ ಹೋದ್ವು. ಹುಷಾರಾದೆ ಅಂತ ಲಗ್ನ ಆದೆ."

"ಲಕ್ಷ್ಮಿಕಾಂತಾ, ಕೇಳು. ಆ ಹುಣ್ಣು ಏನೂ ಹಚ್ಚದೇ ಇದ್ರೂ ಒಣಗ್ತಿತ್ತು. ಬೂದಿ ಹಚ್ಚಿದ್ರೂ ಒಣಗ್ತಿತ್ತು. ಅದರ ಗುಣಾನೇ ಅದು. ಹುಣ್ಣು ಹೋಗುತ್ತೆ, ಕಾಯಿಲೆ ಒಳಗೆ ಹೋಗುತ್ತೆ. ಟೈಲ್ಸ್ ಹಿಂದೆ ನೀರಿಳಿದ ಹಾಗೆ. ಆಮೇಲೆ ಹೆಂಡತಿಗೆ, ಅವಳಿಂದ ಕೂಸಿಗೆ. ಸುಮ್ನೆ ಬಿಟ್ರೆ ಮುಂದೆ ನಿನ್ನ ಹೃದಯಕ್ಕೆ, ಮಿದುಳಿಗೆ."

ಲೆಕ್ಕ ಲಕ್ಷ್ಮಿಕಾಂತನಿಗೂ ತಿಳಿಯಿತು. "ಹಂಗಂದ್ರ ಆ ಎರಡು ಕೂಸೂ..." ಎಂದವನು ಮುಖ ಮುಚ್ಚಿಕೊಂಡ.

ಡಾಕ್ಟರ್ ಅವನ ಮೇಲೆ ಕೂಗಲಿಲ್ಲ. ಕೂಗಿದರೆ ಗಂಡಸರು ಮತ್ತೆ ಬರುವುದಿಲ್ಲ, ಅವರ ಜೊತೆ ಹೆಂಡಂದಿರೂ ಬರುವುದಿಲ್ಲ. ಎಲ್ಲಿಂದ ಬಂತು, ಯಾರಿಂದ ಬಂತು ಎಂದು ಕೆದಕಲೂ ಇಲ್ಲ. ರಕ್ತ ಪರೀಕ್ಷೆ ಮಾಡಿಸಿದರು. ಅವನಿಗೂ ಇತ್ತು. ಎಚ್‌ಐವಿ ಪರೀಕ್ಷೆಯೂ ಇಬ್ಬರಿಗೂ ಆಯಿತು, ಅದು ಇರಲಿಲ್ಲ. ಅವತ್ತೇ ಅವನಿಗೆ ಮೊದಲ ಸೂಜಿ ಬಿತ್ತು. ಇಬ್ಬರ ಔಷಧಿಯೂ ಮುಗಿದು, ತಾವು ಹೇಳುವವರೆಗೆ ಕೂಡಬಾರದು ಎಂದು ಹೇಳಿ ಕಳಿಸಿದರು.

ಅವನ ಮೇಲೆ ತೋರಿಸದ ಸಿಟ್ಟು ಎಲ್ಲಿಗೆ ಹೋಗಬೇಕು? ಸಂಜೆ ಡಾಕ್ಟರ್ ಆಟೋದಲ್ಲಿ ಮನೆಗೆ ಹೊರಟಾಗ ಶಿವಾಜಿನಗರದ ಕಡೆ ಕಂಬದ ಮೇಲೆ ಅಂಥದೇ ಕಾಗದ ಕಂಡಿತು. ಗುಪ್ತರೋಗ, ಗ್ಯಾರಂಟಿ. "ನಿಲ್ಸಿ," ಎಂದರು. ಆಟೋದಿಂದ ಇಳಿದು, ತಲೆ ನರೆತ ಆ ಡಾಕ್ಟರಮ್ಮ ಮನೆಯ ಕೀಲಿಯಿಂದ ಕಾಗದವನ್ನು ಕೆರೆಯತೊಡಗಿದರು. ಹೋಗುವವರು ನಿಂತು ನೋಡಿದರು.

ಆಟೋ ಓಡಿಸುತ್ತಿದ್ದ ಕೆಂಪರಾಜ್ ತಲೆ ಹೊರಗೆ ಹಾಕಿ, "ಮೇಡಂ, ನಾಳೆ ಮತ್ತೆ ಅಂಟಿಸ್ತಾರೆ ಬಿಡಿ," ಎಂದ.

"ನಾಳೆ ಮತ್ತೆ ಕೀಳ್ತೀನಿ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತಂತೆ. ಹುಣ್ಣು ತಾನಾಗೇ ಒಣಗುತ್ತೆ, ಈ ಕಳ್ಳ ನಾನು ವಾಸಿ ಮಾಡ್ದೆ ಅಂತಾನೆ. ಇವನ ಮುಲಾಮು ಎಷ್ಟು ತೊಟ್ಟಿಲು ಖಾಲಿ ಮಾಡಿದೆ ಗೊತ್ತೇನಪ್ಪಾ?"

ಕೆಂಪರಾಜ್ ಗಾಡಿ ಆಫ್ ಮಾಡಿದ. ಆಮೇಲೆ ಇಳಿದು ಬಂದು, ಕಂಬದ ಆ ಬದಿಯ ಕಾಗದಕ್ಕೆ ಕೈ ಹಾಕಿದ.

ಮೂರನೇ ವಾರ ಬಂತು. ಆ ವಾರವೇ ಜಟ್ಟೆಮ್ಮ ಕುಬಸ ಗೊತ್ತುಮಾಡಿದ್ದರು. ಬೆಂಗಳೂರಿನ ನೀರು ಈ ಕೂಸಿಗೆ ಒಗ್ಗುವುದಿಲ್ಲ, ಬೇಗ ತವರಿಗೆ ಹೋಗಲಿ ಎಂದು ಐದನೇ ತಿಂಗಳಲ್ಲೇ ಹಸಿರು ಸೀರೆ ತಂದಾಗಿತ್ತು. ಮೂರನೇ ಸೂಜಿಯ ದಿನವೇ ಕುಬಸ, ಅವತ್ತೇ ಸಂಜೆ ಯಾದಗಿರಿಯ ರೈಲು. ಬೆಳಿಗ್ಗೆ ಎದ್ದು ನೋಡಿದರೆ ಮಗ ಸೊಸೆ ಇಬ್ಬರೂ ಇಲ್ಲ. ವಾರವಾರವೂ ಹೋಗುವ ಹಾಗೆ ಸೂಜಿ ಹಾಕಿಸಲು ಆಸ್ಪತ್ರೆಗೆ ಹೋದರು ಎಂದು ಪಕ್ಕದ ಮನೆಯವರು ಹೇಳಿದರು. ಜಟ್ಟೆಮ್ಮ ಬುಸುಗುಡುತ್ತ ಬಂದು, ಬಸುರಿಯರ ಸಾಲಿನಲ್ಲಿದ್ದ ಸೊಸೆಯ ರಟ್ಟೆ ಹಿಡಿದು ಎಳೆದರು.

"ಬಸುರಿ ಹೆಣ್ಮಗಳಿಗಿ ಸೂಜಿ ಮ್ಯಾಲ ಸೂಜಿ ಹಾಕ್ಲಾಕತ್ತಾರ! ಕೂಸು ಇಳೀಲಿ ಅಂತ ಏನು? ನಡಿ, ಕುಬಸಕ್ಕ ಹೊತ್ತಾಗ್ತದ!"

ಗದ್ದಲ ಕೇಳಿ ಡಾಕ್ಟರ್ ಹೊರಗೆ ಬಂದರು. ಇದು ಕೊನೆಯ ಸೂಜಿ. ಇದು ತಪ್ಪಿದರೆ ಹಿಂದಿನ ಎರಡೂ ವ್ಯರ್ಥ, ಊರಲ್ಲಿ ಮತ್ತೆ ಮೊದಲಿಂದ ಯಾರು ಶುರು ಮಾಡಿಸುತ್ತಾರೆ? ಅವರು ಅತ್ತೆ, ಸೊಸೆ, ಮಗ ಮೂವರನ್ನೂ ಕೋಣೆಯೊಳಗೆ ಕರೆದು ಬಾಗಿಲು ಹಾಕಿದರು.

"ಏನ್ ಸೂಜಿ ಅದು ಹೇಳ್ರಿ ಡಾಕ್ಟ್ರಬಾಯಿ," ಎಂದರು ಜಟ್ಟೆಮ್ಮ. "ಏನ್ ಆಗ್ಯಾದ ಆಕಿಗಿ?"

"ಅವಳು ಹೇಳು ಅಂದ್ರೆ ಹೇಳ್ತೀನಿ. ಇಲ್ಲಾಂದ್ರೆ ಇಲ್ಲ."

"ಸೊಸೀದು ಅತ್ತಿಗಿ ಹೇಳಂಗಿಲ್ಲೇನು? ನಂಗೊತ್ತದ. ಆಕಿ ಹೊಟ್ಟ್ಯಾಗೇ ದೋಷ ಅದ. ಎರಡು ಕೂಸು ತಿಂದ್ಳು, ಇನ್ನ ಇದೊಂದು—"

ಡಾಕ್ಟರಿಗೆ ನಿಜ ಗೊತ್ತಿದೆ, ಹೇಳುವ ಹಾಗಿಲ್ಲ. ಇಷ್ಟು ವರ್ಷಗಳ ಕೆಲಸದಲ್ಲಿ ಅವರಿಗೆ ಇದಕ್ಕಿಂತ ಕಷ್ಟದ್ದು ಬೇರೆ ಇರಲಿಲ್ಲ. ಅವರು ಲಕ್ಷ್ಮಿಕಾಂತನನ್ನೇ ನೋಡಿದರು. ಕಾವೇರಿಯೂ ಅವನನ್ನೇ ನೋಡಿದಳು.

ಅವನು ಎದ್ದು ನಿಂತ.

"ಯವ್ವಾ, ಸುಮ್ನಿರು. ದೋಷ ಆಕೀದಲ್ಲ, ನಂದು."

"ಏನಂದಿ?"

"ನನಗ ಕಾಯಿಲಿ ಇತ್ತು. ಲಗ್ನಕ್ಕಿಂತ ಮೊದ್ಲೇ. ನನ್ನಿಂದ ಆಕಿಗಿ ಬಂತು, ಆಕಿಯಿಂದ ಕೂಸುಗಳಿಗಿ ಹೋತು. ಎರಡೂ ಕೂಸು ನನ್ನಿಂದ ಹೋಗ್ಯಾವು. ನೀ ನಾಕು ವರ್ಷ ಆಕಿಗಿ ಬೈದಿ. ನಾ ಕೇಳ್ಕೋತ ಉಂಡೆ."

ಜಟ್ಟೆಮ್ಮ ನಂಬಲಿಲ್ಲ. ಡಾಕ್ಟರ ಕಡೆ ತಿರುಗಿದರು. ಡಾಕ್ಟರ್ ಕಾವೇರಿಯ ಮುಖ ನೋಡಿದರು. ಅವಳು ಹೂಂ ಎಂದು ತಲೆಯಾಡಿಸಿದ ಮೇಲೆಯೇ, "ಅವನು ಹೇಳಿದ್ದು ನಿಜ ಅಮ್ಮಾ," ಎಂದರು.

ಜಟ್ಟೆಮ್ಮ ಡಾಕ್ಟರ ಮೇಜಿನ ಹತ್ತಿರ ಬಂದರು. "ಆ ಎರಡನೇ ಕೂಸು... ತುಂಬಿದ ಕೂಸದು. ಮೂಗು ನಮ್ಮಂವಂದೇ ಇತ್ತು. ಈ ಸೂಜಿ ಆವಾಗೇ ಹಾಕಿದ್ರ ಅದು ಬದುಕ್ತಿತ್ತೇನ್ರಿ?"

ಸುಳ್ಳು ಹೇಳಬಹುದಿತ್ತು. ಡಾಕ್ಟರ್ ಹೇಳಲಿಲ್ಲ. "ಬದುಕ್ತಿತ್ತು ಅನ್ನೋ ಅವಕಾಶವೇ ಜಾಸ್ತಿ ಇತ್ತು."

ಜಟ್ಟೆಮ್ಮ ಕುರ್ಚಿಯಲ್ಲಿ ಕೂತರು. ಯಾರಿಗೆ ಎಂದಿಲ್ಲದೆ ಮಾತಾಡಿದರು. "ಇವನಕಿಂತ ಮೊದ್ಲ ನಂದೂ ಎರಡು ಹೋಗಿದ್ವು. ನಮ್ಮತ್ತಿ ನನಗೂ ಹಿಂಗೇ ಅಂದಿದ್ಳು, ಕೂಸು ತಿನ್ನಾಕಿ ಅಂತ. ಯಾಕ ಹೋದ್ವು ಅಂತ ಯಾರೂ ಹೇಳ್ಲಿಲ್ಲ. ಯಾರೂ ಕೇಳ್ಲೂ ಇಲ್ಲ."

ಅವು ಯಾಕೆ ಹೋದವು ಎಂದು ಈಗ ಯಾರಿಗೂ ತಿಳಿಯುವುದಿಲ್ಲ. ಆದರೆ ಆ ಮಾತು ಕೇಳಿ ಡಾಕ್ಟರ್ ಮೆಹರುನ್ನೀಸಾ ಕನ್ನಡಕ ತೆಗೆದು ಒರೆಸಿಕೊಂಡರು. ಬೇಕಿದ್ದದ್ದು ಕೇಳುವುದು, ಅಷ್ಟೆ. ಈ ದೇಶದಲ್ಲಿ ಹೆಣ್ಣಿನ ಬಗ್ಗೆ ಮಾತಾಡಲು ಎಲ್ಲರಿಗೂ ಪುರುಸೊತ್ತಿದೆ, ಅವಳನ್ನು ಕೇಳಲು ಯಾರಿಗೂ ಇಲ್ಲ.

ಜಟ್ಟೆಮ್ಮ ಕಣ್ಣೊರೆಸಿಕೊಂಡು ಎದ್ದರು. ಮಗನ ಮುಖ ನೋಡಲಿಲ್ಲ. ಸೊಸೆಯ ಕೈ ಹಿಡಿದು ಸೂಜಿ ಹಾಕುವ ಮಂಚದವರೆಗೆ ತಾವೇ ನಡೆಸಿದರು. "ಹಾಕ್ರಿ. ನಾ ಹಿಡ್ಕೋತೀನಿ." ಆಮೇಲೆ ನೆನಪಾಗಿ ಮಗನ ಕಡೆ ತಿರುಗಿ ಗದರಿದರು: "ನಿಂದೆಷ್ಟು ಬಾಕಿ ಅದ?"

"ಇವತ್ತಿಂದು ಒಂದು, ಮುಂದಿನ ವಾರ ಒಂದು."

"ತಪ್ಪಿಸಿದ್ಯೋ, ಕಾಲ್ ಮುರೀತೀನಿ. ರೈಲು ಹೋಗ್ಲಿ. ಕುಬಸ ಹಿಂದ ಮುಂದ ಆದ್ರ ದೇವರೇನ್ ಬೈಯಂಗಿಲ್ಲ."

ಕುಬಸ ಮರ್ಫಿ ಟೌನಿನಲ್ಲೇ ನಡೆಯಿತು, ಏಳನೇ ತಿಂಗಳಲ್ಲಿ. ನಲ್ಲಿಯ ಹೆಂಗಸರೆಲ್ಲ ಬಂದು ಕಾವೇರಿಗೆ ಹಸಿರು ಬಳೆ ತೊಡಿಸಿ ಉಡಿ ತುಂಬಿದರು. ಪ್ರೇಮಕ್ಕನ ಜೊತೆ ಡಾಕ್ಟರೂ ಬಂದಿದ್ದರು, ಅವರಿಗೂ ಹಸಿರು ಬಳೆ ಸಿಕ್ಕಿತು. ಊಟದ ನಡುವೆ ಜಟ್ಟೆಮ್ಮ ಎದ್ದು ನಿಂತು, ಸೊಸೆಯ ಸುದ್ದಿ ಎತ್ತದೆ, ಅಲ್ಲಿದ್ದ ಇನ್ನೊಬ್ಬ ಬಸುರಿಯ ಅತ್ತೆಯನ್ನು ಎಲ್ಲರೆದುರಿಗೇ ಕೇಳಿದರು: "ಸೊಸೀದು ರಕ್ತ ಪರೀಕ್ಷಾ ಮಾಡ್ಸೀರಿ, ಛಲೋ ಆತು. ಮಗಂದು ಮಾಡ್ಸೀರೇನು?"

"ಅವನಿಗ್ಯಾಕೆ? ಬಸುರಿ ಅವಳಲ್ವಾ?" ಎಂದು ಆಕೆ ನಕ್ಕಳು.

ಜಟ್ಟೆಮ್ಮ ನಗಲಿಲ್ಲ. "ಬಸುರು ಆಕಿ ಒಬ್ಬಾಕಿದೇನವ್ವಾ?" ಎಂದರು.

ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಅವತ್ತು ಡಾಕ್ಟರ್ ಮೆಹರುನ್ನೀಸಾ ತಮ್ಮ ಕೋಣೆಯಲ್ಲಿ ಕೂತಿರಲಾರದೆ ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಜಟ್ಟೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಇಬ್ಬರೂ ಒಂದೇ ಸದ್ದಿಗೆ ಕಿವಿಗೊಟ್ಟಿದ್ದರು.

ಕೂಸು ಅತ್ತಿತು. ವಾರ್ಡು ಹಾರಿಹೋಗುವಂತೆ ಅತ್ತಿತು. ಹೆಣ್ಣುಕೂಸು. ಅದರ ರಕ್ತವನ್ನೂ ಪರೀಕ್ಷೆ ಮಾಡಿ, ಕೆಲವು ತಿಂಗಳು ಬಿಡದೆ ನೋಡಿ, ಕಾಯಿಲೆ ತಗಲಿಲ್ಲ ಎಂದು ಖಚಿತ ಮಾಡಿಕೊಂಡರು. ಈಗ ಆ ಹುಡುಗಿ ವಠಾರದ ನಲ್ಲಿಯ ಕೆಳಗೆ ಕೂತು ಎಲ್ಲರ ಕೊಡದ ನೀರನ್ನೂ ಚೆಲ್ಲುತ್ತಾಳೆ. ಯಾರೂ ಬೈಯುವುದಿಲ್ಲ, ಅಜ್ಜಿ ಬಿಡುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕಾ, ಅಣ್ಣಾ, ನಿಮ್ಮ ಮನೆಯಲ್ಲಿ ಬಸುರಿ ಇದ್ದಾರೆಯೇ? ಸಿಫಿಲಿಸ್, ಎಚ್‌ಐವಿ ರಕ್ತ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹಣವಿಲ್ಲದೆ ಆಗುತ್ತದೆ. ಮೊದಲ ತಿಂಗಳುಗಳಲ್ಲೇ ಮಾಡಿಸಿ. ತವರಿಗೆ ಹೊರಟರೆ, ಪರೀಕ್ಷೆ ಆಗಿದೆಯೇ ಎಂದು ಬಾಯಿಬಿಟ್ಟು ಕೇಳಿ, ಆಗಿದೆ ಅಂದುಕೊಳ್ಳಬೇಡಿ. ಕಾಯಿಲೆ ಇದ್ದರೆ ಗಂಡ ಹೆಂಡತಿ ಇಬ್ಬರೂ ಪೂರ್ತಿ ಔಷಧಿ ಮುಗಿಸಿ. ಅಣ್ಣಾ, ನಿಮಗೆ ನೋಯದ ಹುಣ್ಣೊಂದು ಬಂದು ತಾನಾಗೇ ಹೋಗಿದ್ದರೆ ವಾಸಿಯಾಯಿತು ಎಂದು ಖುಷಿಪಡಬೇಡಿ. ಕಂಬದ ಮೇಲಿನ ಕಾಗದ ನಂಬಿ ಲಾಡ್ಜಿನ ಮೆಟ್ಟಿಲು ಹತ್ತಬೇಡಿ. ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಹೋಗಿ, ನಿಮ್ಮ ಗುಟ್ಟು ಅಲ್ಲಿಂದ ಹೊರಗೆ ಬರಬಾರದು, ಅದು ನಿಮ್ಮ ಹಕ್ಕು. ಹೋಗಲು ಹಿಂಜರಿಕೆಯಾದರೆ ಮೊದಲು 1097ಕ್ಕೆ ಫೋನ್ ಮಾಡಿ, ಅದಕ್ಕೂ ದುಡ್ಡು ಬೇಕಿಲ್ಲ.

ನಾಚಿಕೆಯಾಗುತ್ತದೆ ಎನ್ನುತ್ತೀರಾ? ಆಗಲಿ. ಆದರೆ ಆ ನಾಚಿಕೆಯ ಭಾರವನ್ನು ಹೆಂಡತಿಯ ತಲೆಯ ಮೇಲೆ, ಹೊಟ್ಟೆಯೊಳಗಿನ ಕೂಸಿನ ತಲೆಯ ಮೇಲೆ ಹೊರಿಸಬೇಡಿ. ನಾಳೆ ಬೆಳಿಗ್ಗೆ ಹೊರಡಿ, ಇಬ್ಬರೂ ಹೊರಡಿ.